ಗಿರಣಿಯ ಧೂಳು ಮತ್ತು ನಮ್ಮ ಮೂರು ವರ್ಷದ ಕರಾರು

(ರಜತ ಮಹೋತ್ಸವ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಕಳೆದ ಮಹಾಸಭೆಯಲ್ಲಿ ನಿಮ್ಮಲ್ಲಿ ಕೆಲವರು ಎದ್ದು ನಿಂತು, "ಕಡಿಮೆ ದರದ ಕೊಟೇಶನ್ ಇದ್ದಾಗ, ಅಕ್ಕಿ ಗಿರಣಿಯ ಧೂಳು ಹೀರುವ ಯಂತ್ರದ ಕೆಲಸವನ್ನು ಒಬ್ಬರಿಗೇ ಮೂರು ವರ್ಷಕ್ಕೆ ಯಾಕೆ ಕೊಟ್ರಿ?" ಅಂತ ಕೇಳಿದಿರಿ. ಕೇಳಬೇಕಾದದ್ದೇ. ಸಂಘದ ದುಡ್ಡು ನಿಮ್ಮದು. ಆ ದಿನದ ಗದ್ದಲದಲ್ಲಿ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ, ಇಂದು ಹೇಳುತ್ತೇವೆ.

ಭತ್ತ ಸುರಿಯುವ ಗುಂಡಿ, ಜರಡಿ, ಹೊಟ್ಟು ಬೀಳುವ ಜಾಗ, ಧೂಳು ಏಳೋದು ಹೆಚ್ಚಾಗಿ ಇಲ್ಲೇ. ಹುಟ್ಟಿದ ಕಡೆಯಲ್ಲೇ ಅದನ್ನು ಹೀರಿ ತೆಗೆಯಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮಿನಲ್ಲಿ ಬರೆದಿದ್ದರು. ನಾವು ಮಾಡುತ್ತಿದ್ದದ್ದೇನು? ಹಮಾಲಿಗಳ ಮುಖಕ್ಕೆ ಟವೆಲು, ಸಂಜೆ ಪೊರಕೆ. ಗುಡಿಸಿದರೆ ಕೂತ ಧೂಳು ಮತ್ತೆ ಮೇಲೇಳುತ್ತದೆ ಅಷ್ಟೆ. ಕಣ್ಣಿಗೆ ಕಾಣದ ಸಣ್ಣ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಗುಂಡಿಯ ಹತ್ತಿರ ದುಡಿದ ಇಬ್ಬರಿಗೆ ಕೆಮ್ಮು ಹತ್ತಿ, ಒಬ್ಬರು ಕೆಲಸವನ್ನೇ ಬಿಟ್ಟರು. ಇದು ನಮ್ಮ ಲೆಕ್ಕಪತ್ರದಲ್ಲಿ ಎಲ್ಲೂ ಇಲ್ಲ.

ಮೊದಲ ಯಂತ್ರವನ್ನು ಕಡಿಮೆ ದರ ನೋಡಿಯೇ ತಂದೆವು. ಸೈಕ್ಲೋನಿನಲ್ಲಿ ಗಾಳಿ ಗಿರಗಿರನೆ ಸುತ್ತಿ ದಪ್ಪ ಧೂಳು ಕೆಳಗೆ ಬೀಳುತ್ತದೆ. ನುಣ್ಣನೆಯದನ್ನು ಹಿಡಿಯಲು ಮುಂದೆ ಬಟ್ಟೆ ಚೀಲಗಳಿವೆ. ಚೀಲ ಕಟ್ಟಿಕೊಂಡರೆ ಎಳೆತ ಕಡಿಮೆ, ಹರಿದರೆ ಧೂಳು ಹೊರಗೆ. ವರ್ಷದೊಳಗೆ ಹರಿಯಿತು. ಮಾರಿದವರು ಫೋನೇ ಎತ್ತಲಿಲ್ಲ. ಪೇಟೆಯಲ್ಲಿ ಹೊಲಿಸಿ ಹಾಕಿದೆವು, ಅಳತೆ ಕೂಡಲಿಲ್ಲ, ಬಟ್ಟೆಯೂ ಬೇರೆ. ಸುಗ್ಗಿಯುದ್ದಕ್ಕೂ ಬ್ಲೋವರ್ ಬರೀ ಸದ್ದು ಮಾಡಿತು. ಮಾರಾಟದ ನಂತರ ಏನು ಎಂಬುದನ್ನು ನಾವೂ ಬರೆಸಿಕೊಂಡಿರಲಿಲ್ಲ, ಆ ತಪ್ಪು ನಮ್ಮದು.

ಈಗಿನ ಕರಾರಿನಲ್ಲಿ ಬರೆಸಿದ್ದೇವೆ. ಸುಗ್ಗಿಗೆ ಮುಂಚೆ ಅವರು ಬಂದು ಪೈಪು, ಚೀಲ, ಎಳೆತ ನೋಡಬೇಕು. ಒಂದು ಜೊತೆ ಚೀಲ ನಮ್ಮ ಗೋದಾಮಿನಲ್ಲೇ ಇರಬೇಕು. ಚೀಲ ಬದಲಿಸೋದನ್ನು ನಮ್ಮ ಹುಡುಗರಿಗೆ ಕಲಿಸಬೇಕು. ಇನ್ನೊಂದು ಮಾತು. ಹೊಸ ಜರಡಿ ತಂದು ಇದ್ದ ಪೈಪಿಗೇ ಇನ್ನೊಂದು ಬಾಯಿ ತೆಗೆದರೆ ಉಳಿದ ಕಡೆ ಎಳೆತ ಸೋಲುತ್ತದೆ. ಕೂಡಿಸಿದವರೇ ಜೊತೆಗಿದ್ದರೆ ಆ ಲೆಕ್ಕ ಅವರಿಗೆ ಗೊತ್ತಿರುತ್ತೆ.

ಒಬ್ಬರನ್ನೇ ನೆಚ್ಚಿದರೆ ದರ ಏರಿಸಿಯಾರು ಎಂಬ ಅನುಮಾನ ನಮಗೂ ಇದೆ. ಅದಕ್ಕೇ ಚೀಲದ ಅಳತೆ, ಬಟ್ಟೆಯ ಬಗೆ ಎಲ್ಲ ನಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಬೇರೆ ಇಬ್ಬರ ದರವನ್ನೂ ತರಿಸುತ್ತೇವೆ. ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿದೆ, ಯಾರು ಬೇಕಾದರೂ ನೋಡಬಹುದು. ಕರಾರು ಮುಗಿಯುವ ಮುನ್ನ ಮಹಾಸಭೆಯ ಮುಂದೆ ಇಡುತ್ತೇವೆ. ಗುಂಡಿಯ ಹತ್ತಿರ ದುಡಿಯುವವರೂ ಆ ದಿನ ಬಂದು ಮಾತಾಡಬೇಕು ಅಂತ ಕೇಳಿಕೊಳ್ಳುತ್ತೇವೆ.