ತಲೆ ಮೇಲೆ ಹಾದುಹೋದ ಕರೆಂಟು

ಇವತ್ತು ಕರೆಂಟಿನ ವಿಷಯ ಮಾತಾಡೋಣ. ಬಿಲ್ಲಿನ ವಿಷಯ ಅಲ್ಲ. ಕರೆಂಟು ಯಾರ ಮನೆಗೆ ತಪ್ಪದೆ ಬರುತ್ತೆ, ಯಾರ ಮನೆಗೆ ಬರಲ್ಲ, ಆ ವಿಷಯ.

1902ರ ಜೂನ್ 30. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಬಂದು ಸೇರಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಒತ್ತಾಸೆ, ಇಂಜಿನಿಯರ್ ಲಾಟ್ಬಿನಿಯರ್ ಅವರ ಯೋಜನೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದಮೇಲೆ, 1905ರಲ್ಲಿ!

ಅಷ್ಟು ದೂರ ಹೇಗೆ ತಂದರು? ಇಂಜಿನಿಯರಿಂಗ್ ಓದಿದವನಾಗಿ ಒಂದು ಲೆಕ್ಕ ಹೇಳ್ತೀನಿ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಆಂಪಿಯರ್ ಹತ್ತರಲ್ಲಿ ಒಂದು ಪಾಲಾಗುತ್ತೆ. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಮಾತ್ರ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಅದಕ್ಕೇ ಸುಮಾರು 35 ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು.

ಆದರೆ ತಂದರೆ ಸಾಲದು, ನಿಲ್ಲಬಾರದು. ಗಣಿಯೊಳಗೆ ಜನ ಇದ್ದಾರೆ, ನೀರೆತ್ತುವ ಪಂಪು ಇದೆ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ? ಆ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಶುರುವಾದಾಗ ನೀರಾವರಿ ಜೊತೆಗೆ ಶಿವನಸಮುದ್ರಕ್ಕೆ ವರ್ಷಪೂರ್ತಿ ನೀರು ಒದಗಿಸೋದೂ ಒಂದು ಮುಖ್ಯ ಉದ್ದೇಶವಾಗಿತ್ತು. ಅಂದರೆ ಒಬ್ಬ ದೊಡ್ಡ ಗಿರಾಕಿಗೆ ಕರೆಂಟು ತಪ್ಪಬಾರದು ಅಂತ ನದಿಯನ್ನೇ ಹಿಡಿದು ನಿಲ್ಲಿಸೋದಕ್ಕೆ ಹೊರಟರು. ನಂಬಿಕೆ ಇಡಬಹುದಾದ ವ್ಯವಸ್ಥೆ ಅಂದರೆ ಇದು.

ಆ ತಂತಿಯ ಕೆಳಗಿದ್ದ ಹಳ್ಳಿಗಳ ಕಥೆ? ನಮ್ಮ ಬಹುಪಾಲು ಹಳ್ಳಿಗಳು ಬಲ್ಬು ಕಂಡದ್ದು ಸ್ವಾತಂತ್ರ್ಯ ಬಂದಮೇಲೆ. ಕರೆಂಟು ಅವರ ತಲೆ ಮೇಲೇ ಹಾದುಹೋಯ್ತು, ಕೆಳಗೆ ಇಳೀಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದಿನಾ ರೈಲು ತುಂಬ ಜನ ದುಡಿಯೋಕೆ ಹೋಗ್ತಾರೆ. ಸುತ್ತಲ ಹಳ್ಳಿಯಲ್ಲಿ ಟೊಮ್ಯಾಟೊ, ರೇಷ್ಮೆ, ಹಾಲು. ಬೋರ್‌ವೆಲ್‌ ಓಡಬೇಕು, ಡೇರಿಯಲ್ಲಿ ಹಾಲು ತಣ್ಣಗಿರಬೇಕು. ಇವರೂ ಗಿರಾಕಿಗಳೇ ಅಲ್ವಾ?

ಹಳ್ಳಿ ಫೀಡರ್ ಬಹುತೇಕ ಮರದ ಕೊಂಬೆ ಥರ. ಬುಡದಲ್ಲಿ ಕಡಿದರೆ ತುದಿವರೆಗೂ ಕತ್ತಲು. ಅದೇ ಎರಡು ಕಡೆಯಿಂದ ಕರೆಂಟು ಬರುವ ಹಾಗೆ ಉಂಗುರದಂತೆ ಜೋಡಿಸಿದರೆ, ಕೆಟ್ಟ ತುಂಡನ್ನು ಮಾತ್ರ ಬೇರೆ ಮಾಡಿ ಉಳಿದವರಿಗೆ ಕೊಡಬಹುದು. ಇನ್ನೊಂದು ವಿಷಯ. ಕಂಬದ ಮೇಲಿನ ಲೈನಿನಲ್ಲಿ ಆಗುವ ದೋಷಗಳಲ್ಲಿ ಬಹುಪಾಲು ಕ್ಷಣಿಕ. ಗಾಳಿಗೆ ಗರಿ ತಾಗಿತು, ಹಕ್ಕಿ ಕೂತಿತು, ಅಷ್ಟೇ. ರಿಕ್ಲೋಸರ್ ಅನ್ನೋ ಸಾಧನ ಸೆಕೆಂಡಿನ ಒಂದು ಚೂರಿನಲ್ಲಿ ಲೈನ್ ಬಿಡಿಸಿ, ತಾನೇ ಮತ್ತೆ ಜೋಡಿಸಿ ನೋಡುತ್ತೆ. ಇಲ್ಲದಿದ್ದರೆ ಏನಾಗುತ್ತೆ? ರಾತ್ರಿ ಮಳೆಯಲ್ಲಿ ಲೈನ್‌ಮನ್ ಟಾರ್ಚ್ ಹಿಡಿದು ಕಂಬ ಕಂಬ ಹುಡುಕಬೇಕು. ಇದು ಸಂಶೋಧನೆ ಮುಗಿದು, ಅಂಗಡಿಗೆ ಬಂದು, ದಶಕಗಳೇ ಆಗಿವೆ.

ಹಾಗಾದರೆ ಕೊರತೆ ಎಲ್ಲಿ? ಲೆಕ್ಕದಲ್ಲಿ. ವಿದ್ಯುತ್ ಕಡಿತವನ್ನು ಜಗತ್ತಿನಾದ್ಯಂತ ಸರಾಸರಿಯಲ್ಲಿ ಅಳೀತಾರೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ನಗರದ 9 ಲಕ್ಷ ಮನೆಗೆ ತಿಂಗಳಿಗೆ 1 ಗಂಟೆ ಕರೆಂಟ್ ಹೋಯ್ತು, ಹಳ್ಳಿಯ 1 ಲಕ್ಷ ಮನೆಗೆ 30 ಗಂಟೆ ಹೋಯ್ತು. ಸರಾಸರಿ ಎಷ್ಟು? 4 ಗಂಟೆಯೂ ಇಲ್ಲ! ವರದಿ ಚೆನ್ನಾಗಿ ಕಾಣುತ್ತೆ. ಹಳ್ಳಿಯವರ 30 ಗಂಟೆ ಮಾತ್ರ ಕಾಗದದಿಂದ ಮಾಯ. ಬೆಂಗಳೂರು, ಕೋಲಾರ ಎರಡೂ ಬೆಸ್ಕಾಂ ಒಂದೇ ಕಂಪನಿಯ ವ್ಯಾಪ್ತಿಯಲ್ಲಿರುವಾಗ ಈ ಲೆಕ್ಕ ಸಣ್ಣ ವಿಷಯ ಅಲ್ಲ.

2020ರ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ದಿನದ 24 ಗಂಟೆ ಪೂರೈಕೆ ಅಂತ ಹೇಳುತ್ತೆ, ಸೇವೆ ತಪ್ಪಿದರೆ ಪರಿಹಾರ ಅಂತಲೂ ಹೇಳುತ್ತೆ. ಕೃಷಿಯಂಥ ಕೆಲವು ವರ್ಗಕ್ಕೆ ಗಂಟೆ ಕಡಿಮೆ ಮಾಡಲು ಆಯೋಗಕ್ಕೆ ಅವಕಾಶ ಇದೆ, ಇರಲಿ. ಆದರೆ ಕೊಡ್ತೀವಿ ಅಂದ ಗಂಟೆಯನ್ನಾದರೂ ಕೊಟ್ಟರಾ ಅಂತ ಜನಕ್ಕೆ ಗೊತ್ತಾಗಬೇಕಲ್ಲ?

ನನ್ನ ಬೇಡಿಕೆ ಒಂದೇ. ಪ್ರತಿ ಫೀಡರಿನ ಲೆಕ್ಕ ಪ್ರತಿ ತಿಂಗಳು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಎಷ್ಟು ಸಲ ಹೋಯ್ತು, ಎಷ್ಟು ಹೊತ್ತು ಹೋಯ್ತು, ಯಾಕೆ ಹೋಯ್ತು. ಕನ್ನಡದಲ್ಲಿ. ನೀವೂ ನಿಮ್ಮೂರ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ. 120 ವರ್ಷದ ಹಿಂದೆ ಒಂದು ಗಣಿಗೆ ಕೊಟ್ಟ ಭರವಸೆಯನ್ನು ಇವತ್ತು ಬಂಗಾರಪೇಟೆಯ ಒಂದು ಹಾಲಿನ ಡೇರಿಗೆ ಕೊಡೋಕೆ ಹೊಸ ವಿಜ್ಞಾನ ಏನೂ ಬೇಕಿಲ್ಲ.

ನಾಳೆ ಮತ್ತೆ ಸಿಗೋಣ.