ಹಳೆಯ ಹವ್ಯಾಸಕ್ಕೆ ಮರಳೋಣ: ಹ್ಯಾಮ್ ರೇಡಿಯೋ

(ನಿಟ್ಟೂರಿನಲ್ಲಿ ನಡೆದ ವಿದ್ಯಾರ್ಥಿ–ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹ್ಯಾಮ್ ರೇಡಿಯೋ ಎಂದರೆ ಹಾಡು, ವಾರ್ತೆ ಕೇಳುವ ರೇಡಿಯೋ ಅಲ್ಲ. ಸರಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ತಮ್ಮ ಮನೆಯಿಂದಲೇ ದೂರದ ಇನ್ನೊಬ್ಬ ಹವ್ಯಾಸಿಯೊಡನೆ ನೇರವಾಗಿ ಮಾತನಾಡುವ ವಿದ್ಯೆ ಇದು. ಇಲ್ಲಿ ವ್ಯಾಪಾರದ ಮಾತಿಲ್ಲ, ಗುಟ್ಟಿನ ಮಾತೂ ಇಲ್ಲ. ಬೆಂಗಳೂರಿನ ಹವ್ಯಾಸಿಗಳ ಕ್ಲಬ್ಬು 1959ರಷ್ಟು ಹಳೆಯದು. ಜೋರ್ಡಾನಿನ ದೊರೆ ಹುಸೇನರು ಜೆವೈ1 ಎಂಬ ಕರೆಸಂಕೇತದಿಂದ ಲೋಕದ ಸಾಮಾನ್ಯ ಜನರೊಡನೆ ಮಾತನಾಡುತ್ತಿದ್ದರು.

ಯೌವನದಲ್ಲಿ ಈ ಹವ್ಯಾಸ ಹಿಡಿದ ಎಷ್ಟೋ ಮಂದಿ ಮುಂದೆ ಕೈಬಿಟ್ಟರು. ನೌಕರಿ, ವರ್ಗಾವಣೆ, ಮಕ್ಕಳ ಓದು, ಬಾಡಿಗೆ ಮನೆಯಲ್ಲಿ ಆಂಟೆನಾ ಕಟ್ಟುವ ತೊಂದರೆ. ಆಮೇಲೆ ಮೊಬೈಲ್ ಬಂತು. ನಿವೃತ್ತಿಯ ನಂತರ ಮರಳಬೇಕೆನ್ನುವವರ ಪ್ರಶ್ನೆ ಒಂದೇ: “ಇಷ್ಟು ವರ್ಷಗಳ ಮೇಲೆ ನಮ್ಮಿಂದ ಆದೀತೆ?”

ಖಂಡಿತ ಆಗುತ್ತದೆ. ಬದಲಾದದ್ದು ಸಲಕರಣೆ. ಹಿಂದೆ ಕವಾಟ ಮತ್ತು ಟ್ರಾನ್ಸಿಸ್ಟರ್ ಜೋಡಿಸಿ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಇಂದು ಕಂಪ್ಯೂಟರ್ ಮಾಡುತ್ತದೆ. 2017ರಲ್ಲಿ ಬಂದ ಎಫ್‌ಟಿ8 ವಿಧಾನ, ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಓದಬಲ್ಲದು. 2018ರಲ್ಲಿ ಕತಾರ್ ದೇಶ ಹಾರಿಸಿದ ಉಪಗ್ರಹವೊಂದರಲ್ಲಿ ಹವ್ಯಾಸಿಗಳಿಗೆಂದೇ ಸ್ಥಳವಿದೆ. ಅದು ನಮ್ಮ ಪಶ್ಚಿಮ ಆಕಾಶದಲ್ಲಿ ಒಂದೇ ಕಡೆ ನಿಂತಂತಿರುತ್ತದೆ. ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವೂ 2003ರಲ್ಲಿ ಹೋಯಿತು.

ಬದಲಾಗದ್ದು ಶಿಸ್ತು. ಮೊದಲು ಕೇಳು, ಅಲೆ ಖಾಲಿ ಇದೆಯೇ ನೋಡು, ಕರೆಸಂಕೇತ ಹೇಳು, ಚಿಕ್ಕದಾಗಿ ಮಾತಾಡು, ಮಾತಾಡಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆ. ಇದನ್ನು ಒಮ್ಮೆ ಕಲಿತವರು ಮರೆಯುವುದಿಲ್ಲ. ಆದರೆ ಎಚ್ಚರ: ಪರವಾನಗಿಯ ಅವಧಿ ಮುಗಿದಿದ್ದರೆ, ಅದು ಮತ್ತೆ ಊರ್ಜಿತವಾಗುವ ತನಕ ಪ್ರಸಾರ ಮಾಡಕೂಡದು.

“ಮೊಬೈಲ್ ಇರುವಾಗ ಇದೇಕೆ?” ಎನ್ನುವಿರಾ? 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನ್ ನಿಕೋಬಾರ್‌ನಲ್ಲಿ ದೂರವಾಣಿ ಸಂಪರ್ಕ ಕಡಿದುಹೋಯಿತು. ಹವ್ಯಾಸಕ್ಕಾಗಿಯೇ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ತನ್ನ ರೇಡಿಯೋದಿಂದ ಸಂತ್ರಸ್ತರ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಆಟವೆಂದು ಕಲಿತದ್ದು ಆಪತ್ತಿಗೆ ಆಯಿತು.

ಹಿರಿಯರೇ, ನಮ್ಮ ದೇಶದ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅಂಚೆ ತಂತಿ, ರೈಲ್ವೆ, ಸೈನ್ಯಗಳಲ್ಲಿ ದುಡಿದು ಮೋರ್ಸ್ ಬಲ್ಲವರಿಗೆ ಈಗ ವಯಸ್ಸಾಗಿದೆ. ಅವರ ಬೆರಳಲ್ಲಿರುವ ಇಲ್ಮ್ ಅವರೊಂದಿಗೇ ಹೋಗಬೇಕೆ? ಕಲಿಸಿದರೆ ವಿದ್ಯೆ ಬೆಳೆಯುತ್ತದೆ, ಬಚ್ಚಿಟ್ಟರೆ ಸವೆಯುತ್ತದೆ.

ಮಕ್ಕಳೇ, ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು; ನಿರ್ಬಂಧಿತ ದರ್ಜೆಗೆ ಮೋರ್ಸ್ ಬೇಕಿಲ್ಲ. ವಿಜ್ಞಾನ ಪಾಠದ ಓಮ್‌ನ ನಿಯಮವೇ ಅಲ್ಲಿಯೂ ಬರುತ್ತದೆ. ಹೆಣ್ಣುಮಕ್ಕಳಿಗೂ ಇದು ಒಪ್ಪುವ ವಿದ್ಯೆ. ಮನೆಯಲ್ಲಿ ಕುಳಿತೇ ಲೋಕವನ್ನು ಮಾತನಾಡಿಸಬಹುದು.

ನನ್ನ ವಿನಂತಿ ಇಷ್ಟೇ. ಮರಳಿ ಬರುವ ಪ್ರತಿಯೊಬ್ಬ ಹಿರಿಯರೂ ಇಬ್ಬರು ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಕಂಪ್ಯೂಟರ್ ಮಕ್ಕಳು ಕಲಿಸಲಿ, ತಾಳ್ಮೆ ಹಿರಿಯರು ಕಲಿಸಲಿ. ಹ್ಯಾಮ್‌ಗಳು ಮಾತು ಮುಗಿಸುವಾಗ 73 ಎನ್ನುತ್ತಾರೆ, ಅಂದರೆ ಶುಭ ಹಾರೈಕೆಗಳು. ತಮಗೆಲ್ಲ 73. ಖುದಾ ಹಾಫಿಜ್.