ಐದೂವರೆ ಬಸ್ಸು, ಮಂಗಳ ಗ್ರಹದ ಗುಳೆ

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡ್ತಿದೀನಿ. ರಾಯಚೂರಿನಲ್ಲಿ ಫ್ಯಾನ್ ಆಫ್ ಮಾಡೋದು ಅಂದ್ರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಸೀದಾ ವಿಷಯಕ್ಕೆ ಬರ್ತೀನಿ.

2023ರ ಡಿಸೆಂಬರ್. ನಮ್ಮ ವೈಜ್ಞಾನಿಕ ಕಥೆಗಳ ಗುಂಪಿನ ಮೊದಲ ವಾರ್ಷಿಕ ಸಮಾವೇಶ, ರಾಯಚೂರು ನಗರದಲ್ಲಿ. ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ ಅಂತ ಕಾರ್ಡಿನಲ್ಲಿ ಹಾಕಿದ್ವಿ. ಅತಿಥಿಗಳು ಬಂದಿದ್ದು ಹನ್ನೊಂದೂಮುಕ್ಕಾಲಿಗೆ. ಬಂದ್ಮೇಲೆ ನೋಡಿದ್ರೆ ದೀಪ ಹಚ್ಚೋಕೆ ಬೆಂಕಿಪೊಟ್ಟಣ ಇಲ್ಲ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಮತ್ತೆ ಶಾಲು. ಹೊಸಬರು ತಮ್ಮ ಕಥೆ ಓದೋ ಗೋಷ್ಠಿ ಮಧ್ಯಾಹ್ನ ಎರಡಕ್ಕೆ ಇದ್ದದ್ದು ನಾಲ್ಕು ದಾಟಿ ಶುರುವಾಯ್ತು.

ಐದಕ್ಕೆ ಇನ್ನೂ ಕಾಲು ಗಂಟೆ ಇರೋವಾಗ ಪಿಯುಸಿ ಓದೋ ಒಬ್ಬ ಹುಡುಗಿ ನನ್ನ ಹತ್ರ ಬಂದು, "ಅಣ್ಣಾ, ನಂದು ಯಾವಾಗ್ರೀ?" ಅಂದ್ಲು. ದೇವದುರ್ಗದ ಆಚೆ ಒಂದು ಹಳ್ಳಿಯವಳು. "ಇನ್ನ ಇಬ್ಬರು ಅದಾರವ್ವ, ಆಮ್ಯಾಲ ನೀನೇ" ಅಂದೆ. ಅವಳು ಗೋಡೆ ಗಡಿಯಾರ ನೋಡಿದ್ಲು. ದೇವದುರ್ಗದಿಂದ ಅವಳ ಊರಿಗೆ ಹೋಗೋ ಕೊನೆ ಬಸ್ಸು ಸಿಗಬೇಕಂದ್ರೆ ರಾಯಚೂರಿನಿಂದ ಐದೂವರೆ ಬಸ್ಸು ಹಿಡೀಲೇಬೇಕು. ಇಬ್ಬರಲ್ಲಿ ಮೊದಲಿನವರು ಹದಿನೈದು ನಿಮಿಷ ಪೀಠಿಕೆ ಹಾಕಿದ್ರು. ನಾನು ಚೀಟಿ ಕಳಿಸಿದೆ, ಅವರು ನೋಡಿ ಮಡಚಿ ಜೇಬಿಗೆ ಇಟ್ಕೊಂಡ್ರು. ಐದಾಗಿ ಹತ್ತು ನಿಮಿಷಕ್ಕೆ ಹುಡುಗಿ ನೋಟ್‌ಬುಕ್ಕು ಬ್ಯಾಗಿಗೆ ಹಾಕ್ಕೊಂಡು, "ಬರ್ತೀನ್ರೀ ಅಣ್ಣಾ" ಅಂತ ಹೇಳಿ ಹೋದ್ಲು. ಸಿಟ್ಟು ಕೂಡ ಮಾಡಲಿಲ್ಲ. ಅಭ್ಯಾಸ ಆಗಿರೋರ ಥರ ಹೋದ್ಲು.

ನಮ್ಮ ಗುಂಪು ದೊಡ್ಡದೇನಲ್ಲ. ನಾನು ಬಿ.ಕಾಂ, ಸೈನ್ಸ್ ಓದಿದವನಲ್ಲ. ನನಗೆ ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ ಟಿವಿಯಲ್ಲಿ ಉಪೇಂದ್ರ ಅವರ 'ಹಾಲಿವುಡ್' ನೋಡಿ. 2002ರ ಸಿನಿಮಾ, ಹೀರೋನೇ ರೋಬೋ. ಆಮೇಲೆ 2016ರ ಡಿಸೆಂಬರ್‌ನಲ್ಲಿ 82ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ಆಯ್ತಲ್ಲ, ಬರಗೂರು ರಾಮಚಂದ್ರಪ್ಪನವರು ಅಧ್ಯಕ್ಷರಾಗಿದ್ದರು, ಅದಕ್ಕೆ ನಾನೂ ಹೋಗಿದ್ದೆ. ನೋಟ್ ಬ್ಯಾನ್ ಆಗಿ ತಿಂಗಳೂ ಆಗಿರಲಿಲ್ಲ. ಜೇಬಲ್ಲಿ ಎರಡು ಸಾವಿರದ ಒಂದು ನೋಟು, ಯಾವ ಪುಸ್ತಕದ ಮಳಿಗೆಯಲ್ಲೂ ಚಿಲ್ಲರೆ ಇಲ್ಲ. "ಸೈನ್ಸ್ ಫಿಕ್ಷನ್ ಐತೇನ್ರಿ?" ಅಂದ್ರೆ ವಿಜ್ಞಾನ ಪ್ರಬಂಧಗಳ ಪುಸ್ತಕ ತೋರಿಸೋರು. ಒಬ್ಬರು ಮಾತ್ರ ರಾಜಶೇಖರ ಭೂಸನೂರಮಠ ಅವರ ಹೆಸರು ಹೇಳಿ, "ಅವರ ಪುಸ್ತಕ ಎಲ್ಲಿ ಕಂಡ್ರೂ ಬಿಡಬ್ಯಾಡ" ಅಂದ್ರು. ಕನ್ನಡದಲ್ಲಿ ಇದನ್ನೇ ಪಟ್ಟಾಗಿ ಹಿಡಿದು ಬರೆದವರು ಇದ್ದಾರೆ ಅಂತ ಗೊತ್ತಾಗಿದ್ದೇ ಅವತ್ತು. ಆಮೇಲೆ ವಾಟ್ಸ್ಯಾಪ್ ಗ್ರೂಪು, ತಿಂಗಳಿಗೊಮ್ಮೆ ಕೂಡೋದು, ಒಂದು ಕಥೆ ಓದೋದು, ಮಂಡಾಳ ವಗ್ಗರಣಿ, ಮಿರ್ಚಿ. ಮಿರ್ಚಿಗಾಗಿಯೇ ಬಂದವರೂ ಇದ್ದಾರೆ, ಅವರಲ್ಲಿ ಇಬ್ಬರು ಈಗ ಕಥೆ ಬರೀತಾರೆ.

ಸಮಾವೇಶ ಮುಗಿದ ರಾತ್ರಿ ಲೆಕ್ಕ ಹಾಕಿದೆ. ಬಿ.ಕಾಂನವನಿಗೆ ನಿದ್ದೆ ಬರಬೇಕಂದ್ರೆ ಎರಡೂ ಕಡೆ ಕೂಡಬೇಕು. ಹಾಲ್ ಬಾಡಿಗೆ, ಸೌಂಡ್ ಬಾಕ್ಸ್, ಫ್ಲೆಕ್ಸ್, ಊಟ ಎಲ್ಲ ಬರೆದು ನೋಡಿದ್ರೆ, ಶಾಲು, ಹಾರ, ನೆನಪಿನ ಕಾಣಿಕೆಗೆ ಹೋದ ದುಡ್ಡು ಊಟಕ್ಕಿಂತ ಜಾಸ್ತಿ. ನನ್ನ ಕೈಯಿಂದ 6,400 ರೂಪಾಯಿ ಹೋಗಿತ್ತು. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ: ಆ ಹುಡುಗಿ ಕಥೆ ಏನು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೊಸಬರು ಬರೀಲಿ ಅಂತ ಮಾಡಿದ ಸಮಾವೇಶ ಅದು.

ಆಗ ಬೇರೆಯವರು ಇದನ್ನೆಲ್ಲ ಹೇಗೆ ಮಾಡ್ತಾರೆ ಅಂತ ಓದೋಕೆ ಕೂತೆ. ಇಂಗ್ಲೆಂಡಿನ ಲೀಡ್ಸ್ ಊರಲ್ಲಿ 1937ರ ಜನವರಿಯಲ್ಲಿ ಒಂದು ಸಭೆ ಆಗಿತ್ತು. ಇಂಥ ಸಮಾವೇಶಗಳಲ್ಲಿ ಮೊದಲನೆಯದು ಅದೇ ಅಂತ ತುಂಬಾ ಜನ ಹೇಳ್ತಾರೆ. ಬಂದವರು ಇಪ್ಪತ್ತರ ಆಸುಪಾಸು, ಅಷ್ಟೇ. ಅವರಲ್ಲಿ ಹತ್ತೊಂಬತ್ತು ವರ್ಷದ ಹುಡುಗ ಒಬ್ಬ, ಹೆಸರು ಆರ್ಥರ್ ಸಿ. ಕ್ಲಾರ್ಕ್. ಇದನ್ನ ಓದಿದ ದಿನ ನನಗೆ ಬಹಳ ಸಮಾಧಾನ ಆಯ್ತು. ನಮ್ಮ ತಿಂಗಳ ಸಭೆಗೆ ಹದಿನೆಂಟು ಜನ ಬರ್ತಾರೆ!

ಎರಡು ವರ್ಷ ಬಿಟ್ಟು, 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವರ್ಲ್ಡ್‌ಕಾನ್. ಸುಮಾರು ಇನ್ನೂರು ಜನ ಸೇರಿದ್ರು. ಅಲ್ಲಿ ಏನಾಯ್ತು ಗೊತ್ತಾ? ಸಂಘಟಕರಿಗೂ ಇನ್ನೊಂದು ಗುಂಪಿಗೂ ಜಗಳ ಇತ್ತು. ಇವರು ಬಂದು ಕರಪತ್ರ ಹಂಚಿ ಗಲಾಟೆ ಮಾಡ್ತಾರೆ ಅಂತ ಆರು ಹುಡುಗರನ್ನ ಒಳಗೇ ಬಿಡಲಿಲ್ಲ. ಆ ಆರು ಜನರಲ್ಲಿ ಒಬ್ಬ ಫ್ರೆಡರಿಕ್ ಪೋಲ್, ಮುಂದೆ ದೊಡ್ಡ ಲೇಖಕ, ಸಂಪಾದಕ. ಇನ್ನೊಬ್ಬ ಡೊನಾಲ್ಡ್ ವೋಲ್‌ಹೈಮ್, ಮುಂದೆ ಸೈನ್ಸ್ ಫಿಕ್ಷನ್ನಿಗೇ ಅಂತ ಪ್ರಕಾಶನ ಕಟ್ಟಿದ.

ಓದ್ತಾ ಓದ್ತಾ ನನ್ನ ಮುಖ ಸಣ್ಣದಾಯ್ತು. ನಾವೂ ಒಬ್ಬನನ್ನ ಹೊರಗೆ ಹಾಕಿದ್ವಿ. ಮಾನ್ವಿಯ ಹುಡುಗ, ಅಪ್ಪನ ಜೊತೆ ಶಾಮಿಯಾನ ಅಂಗಡಿ ನೋಡ್ಕೋತಾನೆ. ಪುಷ್ಪಕ ವಿಮಾನ ಸೈನ್ಸ್ ಫಿಕ್ಷನ್ ಹೌದೋ ಅಲ್ಲವೋ ಅಂತ ಗ್ರೂಪಲ್ಲಿ ಚರ್ಚೆ ಹತ್ತಿ, ರಾತ್ರಿ ಒಂದು ಗಂಟೆ ತನಕ ವಾಯ್ಸ್ ನೋಟ್ ಹಾಕಿದ. ಅಡ್ಮಿನ್ ರಿಮೂವ್ ಮಾಡಿದ್ರು. ಅಡ್ಮಿನ್ ಯಾರು? ನಾನೇ. ಅವನಿಗೆ ಫೋನ್ ಮಾಡಿ, "ತಪ್ಪಾತಪ್ಪ, ಬಾ" ಅಂದೆ. "ನಾನೂ ಜಾಸ್ತಿ ಮಾತಾಡಿದ್ನಿ ಬಿಡ್ರಿ" ಅಂದ. ಪುಷ್ಪಕ ವಿಮಾನದ ವಿಷಯದಲ್ಲಿ ಮಾತ್ರ ಇವತ್ತಿಗೂ ಒಂದಿಂಚು ಬಿಟ್ಟುಕೊಟ್ಟಿಲ್ಲ.

ವರ್ಲ್ಡ್‌ಕಾನಿನಲ್ಲಿ ನನಗೆ ಹಿಡಿಸಿದ್ದು ಅದರ ಲೆಕ್ಕ. ಅದಕ್ಕೆ ಹೆಡ್ ಆಫೀಸ್ ಇಲ್ಲ. ಒಂದೊಂದು ವರ್ಷ ಒಂದೊಂದು ಊರಿನವರು "ನಮ್ಮಲ್ಲಿ ಮಾಡ್ತೀವಿ" ಅಂತ ಮುಂದೆ ಬರ್ತಾರೆ, ಸದಸ್ಯರು ವೋಟ್ ಹಾಕಿ ಊರು ಆರಿಸ್ತಾರೆ. ಮಾಡೋರಿಗೆ ಸಂಬಳ ಇಲ್ಲ. ಹೋಗೋರು ಟಿಕೆಟ್ ತಗೊಳ್ಳಲ್ಲ, ಸದಸ್ಯರಾಗ್ತಾರೆ. ವೇದಿಕೆ ಮೇಲೆ ಮಾತಾಡೋರಲ್ಲೂ ಹೆಚ್ಚಿನವರು ಸದಸ್ಯತ್ವದ ದುಡ್ಡು ಕೊಟ್ಟೇ ಬರೋದು. ಬರೋಕಾಗದವರು ಮನೇಲಿ ಕೂತು ಕಡಿಮೆ ದುಡ್ಡು ಕಟ್ಟಿ ಹ್ಯೂಗೋ ಪ್ರಶಸ್ತಿಗೆ ವೋಟ್ ಹಾಕಬಹುದು. ಅಂದ್ರೆ ಅತಿಥಿ, ಪ್ರೇಕ್ಷಕ ಅನ್ನೋ ಎರಡು ಖಾತೆ ಇಲ್ಲ, ಒಂದೇ ಖಾತೆ.

ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದ ಮರಾಠಿ ವಿಜ್ಞಾನ ಪರಿಷತ್ ನೋಡಿ. 1966ರಲ್ಲಿ ಶುರುವಾದದ್ದು. ಅವರ ವಾರ್ಷಿಕ ಅಧಿವೇಶನ ಮುಂಬೈಯಲ್ಲೇ ಕೂರಲ್ಲ, ಊರೂರು ತಿರುಗುತ್ತೆ. ವೈಜ್ಞಾನಿಕ ಕಥೆಗಳ ಸ್ಪರ್ಧೆಯನ್ನೂ ಅವರು ನಡೆಸ್ತಾ ಬಂದಿದ್ದಾರೆ. 1974ರಲ್ಲಿ ಅದಕ್ಕೆ ನಾರಾಯಣ ವಿನಾಯಕ ಜಗತಾಪ್ ಅನ್ನೋರಿಂದ ಕಪ್ಪು ರಂಧ್ರದ ಬಗ್ಗೆ ಒಂದು ಕಥೆ ಬಂತು, ಮೊದಲ ಬಹುಮಾನ ಗೆದ್ದಿತು. ಆಮೇಲೆ ನೋಡಿದ್ರೆ ಆ ಜಗತಾಪ್ ಅಂದ್ರೆ ಜಯಂತ ವಿಷ್ಣು ನಾರಳೀಕರ್, ಆಗಲೇ ಜಗತ್ತಿಗೆ ಗೊತ್ತಿದ್ದ ಖಗೋಳ ವಿಜ್ಞಾನಿ! ತನ್ನ ಇನಿಷಿಯಲ್ ತಿರುಗಿಸಿ ಸುಳ್ಳು ಹೆಸರು ಮಾಡ್ಕೊಂಡಿದ್ರು. ಹೆಸರು ನೋಡಿ ಬಹುಮಾನ ಕೊಡಬಾರದು ಅಂತ. ಕಳೆದ 2025ರ ಮೇ ತಿಂಗಳಲ್ಲಿ ತೀರಿಕೊಂಡ್ರು.

ನಮ್ಮ ಎರಡನೇ ಸಮಾವೇಶ ದೇವದುರ್ಗದಲ್ಲಿ ಮಾಡೋಣ ಅಂತ ಹೇಳಿದ್ದು ಮಾನ್ವಿ ಹುಡುಗ. ಅರ್ಧ ಜನ ಒಪ್ಪಲಿಲ್ಲ. "ರಾಯಚೂರಿಗೆ ರೈಲು ಐತಿ, ಹೊರಗಿನವರು ಬರ್ತಾರ" ಅಂದ್ರು. "ಹೋದ ಸಲ ಎಷ್ಟು ಮಂದಿ ರೈಲಿಗೆ ಬಂದ್ರು?" ಅಂತ ಅವನು ಕೇಳಿದ. ಒಬ್ಬರು ಬಂದಿದ್ರು, ಅವರೂ ತಂಗಿ ಮನೆಗೆ ಅಂತ ಬಂದವರು.

ಅದೇ ಹೊತ್ತಿಗೆ ಒಂದು ಕೋಚಿಂಗ್ ಸೆಂಟರ್‌ನವರು 15,000 ರೂಪಾಯಿ ಕೊಡ್ತೀವಿ ಅಂತ ಬಂದ್ರು, ಸಮಾವೇಶ ನಗರದಲ್ಲೇ ಆದ್ರೆ. ಬ್ಯಾನರ್ ಹಾಕಬೇಕು, ನೀಟ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡೋಕೆ ಬಿಡಬೇಕು, ಬಂದ ಮಕ್ಕಳ ಫೋನ್ ನಂಬರ್ ಪಟ್ಟಿ ಕೊಡಬೇಕು. ನಿಜ ಹೇಳ್ತೀನಿ, ನಾನು ತಗೊಳ್ಳೋಣ ಅನ್ನೋರ ಕಡೆ ಇದ್ದೆ. 6,400 ನೆನಪಿತ್ತಲ್ಲ. ಮಾನ್ವಿ ಹುಡುಗ, "ಬ್ಯಾನರ್ ಹಾಕ್ರಿ, ಭಾಷಣ ಬೇಕಾದ್ರ ಕೇಳೋಣ. ನಂಬರ್ ಕೊಡಾಕ ಅವು ನಮ್ಮವಲ್ಲ" ಅಂದ. ಸೆಂಟರ್‌ನವರು ನಂಬರ್ ಇಲ್ಲದೆ ಆಗಲ್ಲ ಅಂದ್ರು. ಏಳು ಜನ ಕೂತು ಕೈ ಎತ್ತಿದ್ವಿ. ನಾಲ್ಕು, ಮೂರು. ನಾನು ಸೋತೆ.

ಸರಿ, 15,000 ಇಲ್ಲ, ಈಗೇನು? ಸದಸ್ಯತ್ವ 50 ರೂಪಾಯಿ ಅಂತ ಮಾಡಿದ್ವಿ. ಮಾತಾಡೋರಿಗೂ 50, ನನಗೂ 50, ಬರೋಕಾಗದೆ ಬೆಂಗಳೂರಲ್ಲಿ ಡೆಲಿವರಿ ಮಾಡ್ತಾ ಇರೋ ನಮ್ಮ ಹುಡುಗರಿಗೂ 50. ಒಟ್ಟು 74 ಜನ, 3,700 ರೂಪಾಯಿ. ಒಬ್ಬ ಹಿರಿಯರು, "ನನ್ನನ್ನ ಕರೆದು ನನ್ನ ಹತ್ರಾನೇ ದುಡ್ಡಾ?" ಅಂತ ಬೇಜಾರು ಮಾಡ್ಕೊಂಡು ಬರಲಿಲ್ಲ. ಅದು ನನಗೂ ಕಷ್ಟ ಅನ್ನಿಸಿತು, ಅವರ ಮನೆಗೆ ಹೋಗಿ ಚಹಾ ಕುಡಿದು ಬಂದೆ. ಜಾಗ, ಭಾನುವಾರ ಖಾಲಿ ಇರೋ ಒಂದು ಶಾಲೆಯ ಕೋಣೆ, ಬಾಡಿಗೆ ಇಲ್ಲ. ವಗ್ಗರಣಿ, ಮಿರ್ಚಿ, ಚಹಾಕ್ಕೆ 2,300. ಮೈಕಿಗೆ 600. ಕಥೆಗಳನ್ನ ಜೆರಾಕ್ಸ್ ಮಾಡಿ ಪಿನ್ ಹೊಡೆದದ್ದಕ್ಕೆ 560. ಉಳಿದದ್ದು 240. ಶಾಲು ಇಲ್ಲ, ಹಾರ ಇಲ್ಲ. ಕುರ್ಚಿ ಮಾನ್ವಿಯಿಂದ ಟಾಟಾ ಏಸ್‌ನಲ್ಲಿ ಬಂದವು, ಅದರ ಡೀಸೆಲ್ ಲೆಕ್ಕ ಅವನು ಇವತ್ತಿಗೂ ಕೊಟ್ಟಿಲ್ಲ. ನಾನು ಪುಸ್ತಕದಲ್ಲಿ "ಕೊಡಬೇಕಾದದ್ದು" ಅಂತ ಬರೆದಿಟ್ಟಿದೀನಿ.

ಕಾರ್ಯಕ್ರಮ ಪಟ್ಟಿ ಬರೆಯೋ ಮುಂಚೆ ಬಸ್ಸಿನ ಟೈಮ್ ಬರ್ಕೊಂಡ್ವಿ. ಮಾನ್ವಿ, ಜಾಲಹಳ್ಳಿ, ಗಬ್ಬೂರು ಕಡೆಯಿಂದ ಬರೋ ಮೊದಲ ಬಸ್ಸು ಎಷ್ಟಕ್ಕೆ, ತಿರುಗಿ ಹೋಗೋದು ಎಷ್ಟಕ್ಕೆ. ಹತ್ತೂವರೆಗೆ ಶುರು, ಎರಡೂವರೆಗೆ ಬಂದ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತಲ್ಲ, ಹುಡುಗಿಯರಿಗೆ ಬಸ್ ಚಾರ್ಜ್ ಇಲ್ಲ. ಹಾಗಾಗಿ ತಾಯಂದಿರನ್ನೂ ಕರ್ಕೊಂಡು ಬಂದ್ರು. ಇದು ನಾವು ಯೋಚನೆ ಮಾಡಿದ್ದಲ್ಲ, ತಾನಾಗಿ ಆದದ್ದು.

ಮೊದಲ ಗೋಷ್ಠಿಯೇ ಹೊಸಬರದು. ಮೊದಲ ಕಥೆ ಅವಳದು.

ಕಥೆ ಹೀಗಿದೆ. ದೇವದುರ್ಗ ತಾಲೂಕಿನ ಒಂದು ಊರಿನವರು ಮಂಗಳ ಗ್ರಹಕ್ಕೆ ಗುಳೆ ಹೋಗ್ತಾರೆ. ಈಗ ಬೆಂಗಳೂರಿಗೆ, ಪುಣೆಗೆ ಹೋಗ್ತಾರಲ್ಲ, ಹಂಗೇ. ಮೇಸ್ತ್ರಿ ಮುಂಗಡ ಕೊಡ್ತಾನೆ. ಮುದುಕರು ಊರಲ್ಲೇ ಉಳೀತಾರೆ. ಒಂದು ವರ್ಷದ ಕೆಲಸ ಅಂತ ಮಾತಾಗಿರುತ್ತೆ. ಅಲ್ಲಿ ಹೋದ್ಮೇಲೆ ಗೊತ್ತಾಗುತ್ತೆ, ಮಂಗಳದ ಒಂದು ವರ್ಷ ಅಂದ್ರೆ ನಮ್ಮ 687 ದಿನ. ಪಗಾರ ಮಾತ್ರ ಒಂದೇ ವರ್ಷದ್ದು. ಅಲ್ಲಿಯ ದಿನ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ಉದ್ದ. ಮೇಸ್ತ್ರಿ ಆ ನಲವತ್ತು ನಿಮಿಷವನ್ನೂ ದುಡಿಸ್ತಾನೆ, ಕೂಲಿ ಇಲ್ಲ. ಕಥೆಯ ಹುಡುಗಿ ಗೋಡೆ ಮೇಲೆ ಇದ್ದಿಲಿನಿಂದ ಆ ನಿಮಿಷಗಳ ಲೆಕ್ಕ ಬರೀತಾ ಹೋಗ್ತಾಳೆ. ಇಷ್ಟೇ. ಯುದ್ಧ ಇಲ್ಲ, ಏಲಿಯನ್ ಇಲ್ಲ. ಮಂಗಳದಲ್ಲಿ ಇದ್ದಿಲು ಎಲ್ಲಿಂದ ಬಂತು ಅಂತ ಒಬ್ಬ ಕೇಳಿದ. "ಅವ್ವ ಒಲಿಗೆ ಅಂತ ಗಂಟಿನ್ಯಾಗ ಒಯ್ದಿದ್ಲು" ಅಂದ್ಲು. ಎಲ್ಲರೂ ನಕ್ಕರು. ಅಲ್ಲಿ ಒಲೆ ಉರಿಯಲ್ಲ ಅನ್ನೋದು ಅವ್ವನಿಗೆ ಗೊತ್ತಿರಲಿಲ್ಲ ಅಂತ ಅವಳೇ ಮುಂದುವರಿಸಿದಾಗ ನಗು ನಿಂತಿತು.

ನಾನು ಫೋನ್ ತೆಗೆದು ಲೆಕ್ಕ ಹಾಕಿದೆ. ಮಂಗಳದ ಒಂದು ವರ್ಷಕ್ಕೆ ಅಲ್ಲಿಯ ದಿನಗಳು 668. ದಿನಕ್ಕೆ 40 ನಿಮಿಷ ಅಂದ್ರೆ ಸುಮಾರು 445 ಗಂಟೆ. ಎಂಟು ಗಂಟೆಗೆ ಒಂದು ಕೂಲಿ ಹಿಡಿದ್ರೆ ಹತ್ರ ಹತ್ರ 56 ದಿನದ ಕೂಲಿ. ಜೋರಾಗಿ ಹೇಳಿದೆ.

ಹಿಂದಿನ ಬೆಂಚಿನಲ್ಲಿ ಅವಳ ತಾಯಿ ಕೂತಿದ್ರು. ಎರಡು ಸಲ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಬಂದವರು. "ತಮ್ಮಾ" ಅಂದ್ರು, "ಇಲ್ಲಿ ದಿನಾ ಎರಡ ತಾಸ ಹೆಚ್ಚಿಗಿ ಮಾಡ್ಸ್ಯಾರ. ಅದರ್ದೂ ಹಾಕ್ ನೋಡಮು." ಹಾಕಿದೆ. ಅವರು ಹೋದ ತಿಂಗಳು, ರಜೆ, ಮುಂಗಡ, ಕಡಿತ ಎಲ್ಲ ಹೇಳ್ತಾ ಹೋದ್ರು, ನಾನು ಕರಿಹಲಗೆ ಮೇಲೆ ಬರೀತಾ ಹೋದೆ. 'ಬ್ಲಿಂಕ್' ಸಿನಿಮಾದ ಟೈಮ್ ಟ್ರಾವೆಲ್ ಬಗ್ಗೆ ಒಂದು ಚರ್ಚೆ ಇತ್ತು, ಅದು ಆಗಲೇ ಇಲ್ಲ. ಯಾರೂ ಕೇಳಲೂ ಇಲ್ಲ. ಎರಡೂಕಾಲಿಗೆ ಮಾನ್ವಿ ಹುಡುಗ ಕುರ್ಚಿ ಎತ್ತೋಕೆ ಶುರು ಮಾಡಿದ, ಮಂದಿ ಇನ್ನೂ ಅದರ ಮೇಲೇ ಕೂತಿದ್ರು.

ಮುಂದಿನ ಸಮಾವೇಶ ಮಾನ್ವಿಯಲ್ಲಿ. ತಾರೀಕು ಇನ್ನೂ ಗಟ್ಟಿಯಾಗಿಲ್ಲ, ಭತ್ತದ ಕೊಯ್ಲು ನೋಡ್ಕೊಂಡು ಇಡ್ತೀವಿ. ಸದಸ್ಯತ್ವ 50 ರೂಪಾಯಿನೇ. ಕಥೆ ನಾಲ್ಕು ಪುಟ ದಾಟಬಾರದು, ಪೀಠಿಕೆ ಹಾಕಂಗಿಲ್ಲ. ಕಳಿಸೋವಾಗ ಹೆಸರಿನ ಜೊತೆ ನಿಮ್ಮೂರಿನ ಕೊನೆ ಬಸ್ಸು ಎಷ್ಟಕ್ಕೆ ಅಂತ ಬರೀರಿ. ಸರಿ, ಫ್ಯಾನ್ ಹಾಕ್ತೀನಿ ಈಗ. ಸಿಗೋಣ.